ಕಾರಿಗೆ ಗೊತ್ತು, ಗೌಡ್ರಿಗೆ ಗೊತ್ತಿಲ್ಲ

ಗೌಡ್ರ ಕಾರಿನಲ್ಲಿ ಎಷ್ಟು ಬಟನ್ ಇವೆ ಅಂತ ಗೌಡ್ರಿಗೇ ಗೊತ್ತಿಲ್ಲ. ಅವರು ಒತ್ತಿರುವುದು ಮೂರನ್ನು ಮಾತ್ರ: ಹಾರ್ನ್, ಎಸಿ, ಸನ್‌ರೂಫ್. ಇದನ್ನು ಹೇಳಿದ್ದು ನಾನಲ್ಲ, ಗ್ಯಾರೇಜಿನ ಸೀನ. ಅದೂ ಗೌಡ್ರ ಎದುರಿಗೇ, ಗೌಡ್ರು ಕೊಡಿಸಿದ ಕಾಫಿ ಕುಡಿಯುತ್ತಾ ಹೇಳಿದ.

ಜುಲೈ ತಿಂಗಳಲ್ಲಿ ಚಿಕ್ಕಮಗಳೂರಿನಲ್ಲಿ ಮಳೆ ಹಿಡಿದರೆ ಹೋಟೆಲಿನಿಂದ ಏಳುವ ಮಾತೇ ಇಲ್ಲ. ಎದುರಿಗೆ ಮೇಷ್ಟ್ರು, ಪಕ್ಕದಲ್ಲಿ ಬ್ಯಾಂಕಿನ ಶಾರದಕ್ಕ, ಗೋಡೆಗೆ ಒರಗಿಕೊಂಡು ಟ್ಯಾಕ್ಸಿ ಭಾಯ್. ಇಷ್ಟು ಜನ ಸಿಕ್ಕ ಮೇಲೆ ಗೌಡ್ರನ್ನು ಸುಮ್ನೆ ಬಿಟ್ಟು ಕಳಿಸುವುದು ಧರ್ಮವಲ್ಲ.

"ಲೋ ಸೀನ, ನನ್ನ ಗಾಡಿಗೆ ಅಡಾಸ್ ಇದೆ ಕಣೋ," ಎಂದರು ಗೌಡ್ರು. "ಓಡಿಸೋನಿಗೆ ಸಹಾಯ ಮಾಡೋಕೆ ಕ್ಯಾಮೆರಾ, ರಾಡಾರ್ ಎಲ್ಲಾ ಇದೆ. ಮುಂದೆ ಯಾರಾದ್ರೂ ಅಡ್ಡ ಬಂದ್ರೆ ತಾನೇ ಬ್ರೇಕ್ ಹಾಕುತ್ತೆ."

"ಇದೆ ಅಣ್ಣಾ, ಇಲ್ಲ ಅಂದವರು ಯಾರು? ತಗೊಂಡ ವಾರದಲ್ಲೇ ಬಂದು ಆಫ್ ಮಾಡಿಸಿಕೊಂಡು ಹೋದ್ರಲ್ಲ, ಅದನ್ನ ಹೇಳಿ."

ಗೌಡ್ರ ವಾದ ಇಷ್ಟು. ಆಲ್ದೂರು ಕಡೆ ರಸ್ತೆಯಲ್ಲಿ ಈ ಕಾರು ಬರೀ ಕೂಗುತ್ತೆ. ಹಸು ಬಂದರೂ ಕೂಗುತ್ತೆ, ತಿರುವಿನಲ್ಲಿ ಬಸ್ಸು ಬಂದರೂ ಕೂಗುತ್ತೆ, ಪಕ್ಕದಲ್ಲಿ ಸ್ಕೂಟರಿನವನು ನುಸುಳಿದರೂ ಕೂಗುತ್ತೆ. "ನಮ್ಮ ಕಡೆ ಇದೆಲ್ಲ ಅಪಾಯ ಅಲ್ಲ ಮಾರಾಯ, ಇದೇ ಟ್ರಾಫಿಕ್ಕು."

ಇದಕ್ಕೆ ಭಾಯ್ ಕೂಡ ತಲೆ ಆಡಿಸಿದರು. ನನಗೂ ಸ್ವಲ್ಪ ನಿಜ ಅನಿಸಿತು. ಲೇನ್ ಕಾಯುವ ಕ್ಯಾಮೆರಾಕ್ಕೆ ರಸ್ತೆ ಮೇಲೆ ಬಿಳಿ ಗೆರೆ ಕಾಣಬೇಕು. ನಮ್ಮಲ್ಲಿ ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಗೆರೆ ಹಾಗಿರಲಿ, ರಸ್ತೆ ಉಳಿದಿದ್ದರೆ ಪುಣ್ಯ. ಜೋರು ಮಳೆಯಲ್ಲಿ, ಮಂಜಿನಲ್ಲಿ ಇದನ್ನು ನಂಬಬೇಡಿ ಅಂತ ಕಾರಿನ ಕೈಪಿಡಿಯಲ್ಲೇ ಬರೆದಿರುತ್ತಾರೆ. ಮಳೆ, ಮಂಜು ಎರಡನ್ನೂ ತೆಗೆದುಹಾಕಿದರೆ ಕೊಟ್ಟಿಗೆಹಾರದಲ್ಲಿ ಇನ್ನೇನು ಉಳಿಯುತ್ತದೆ?

"ಹಾಸನ ದಾಟಿದ ಮೇಲೆ ಆನ್ ಮಾಡಬಹುದಲ್ಲ?" ಎಂದರು ಶಾರದಕ್ಕ. "ಅಲ್ಲಿಂದ ಬೆಂಗಳೂರಿಗೆ ನಾಲ್ಕು ಲೇನ್ ರಸ್ತೆ."

"ಮಾಡಿದ್ದೆ ಕಣಮ್ಮ. ಶಾಂತಿಗ್ರಾಮದ ಟೋಲ್ ದಾಟಿ ಒಂದು ಲಾರಿನ ಹಿಂದೆ ಹಾಕೋಣ ಅಂತ ಬಲಕ್ಕೆ ತಿರುಗಿಸಿದೆ. ಸ್ಟೇರಿಂಗ್ ಯಾರೋ ಹಿಡಿದು ವಾಪಸ್ ಎಳೆದ ಹಾಗಾಯ್ತು. ನಮ್ಮ ಮನೆಯವಳೇ ಎಳೆದಳು ಅಂತ ಬೈದೆ. ಚನ್ನರಾಯಪಟ್ಟಣ ಬರೋವರೆಗೂ ಅವಳು ಮಾತಾಡಲಿಲ್ಲ."

"ಇಂಡಿಕೇಟರ್ ಹಾಕಿದ್ರಾ?"

"ಲಾರಿ ಹಿಂದೆ ಹಾಕೋಕೆ ಇಂಡಿಕೇಟರ್ ಯಾಕೆ?"

ಶಾರದಕ್ಕ ಲೋಟ ಕೆಳಗಿಟ್ಟರು. "ಗೌಡ್ರೇ, ಇಂಡಿಕೇಟರ್ ಹಾಕಿದ್ರೆ ಅದು ಎಳೆಯೋದಿಲ್ಲ. ಬೇಕು ಅಂತಲೇ ಲೇನ್ ಬಿಡ್ತಿದ್ದೀರಿ ಅಂತ ಅದಕ್ಕೆ ಗೊತ್ತಾಗುತ್ತೆ. ಹಾಕದಿದ್ರೆ, ಪಾಪ, ನಿದ್ದೆಗಣ್ಣಲ್ಲಿ ಪಕ್ಕಕ್ಕೆ ಜಾರ್ತಿದ್ದಾರೆ ಅಂದ್ಕೊಳ್ಳುತ್ತೆ."

ಇಲ್ಲಿ ಮೇಷ್ಟ್ರು ಬಾಯಿ ಹಾಕಿದರು. ರಿಟೈರಾಗಿದ್ದರೂ ಪಾಠ ಬಿಟ್ಟಿಲ್ಲ. 1914ರಲ್ಲೇ ಫ್ಲಾರೆನ್ಸ್ ಲಾರೆನ್ಸ್ ಎಂಬ ಮೂಕಿ ಚಿತ್ರಗಳ ನಟಿ ತನ್ನ ಕಾರಿನ ಹಿಂಭಾಗಕ್ಕೆ ಒಂದು ಪಟ್ಟಿ ಕೂರಿಸಿಕೊಂಡಿದ್ದಳಂತೆ. ಬಟನ್ ಒತ್ತಿದರೆ ಪಟ್ಟಿ ಮೇಲೆ ಏಳುತ್ತಿತ್ತು, ಯಾವ ಕಡೆ ತಿರುಗುತ್ತೇವೆ ಅಂತ ಹಿಂದಿನವರಿಗೆ ತೋರಿಸುತ್ತಿತ್ತು. ಅವಳು ಅದಕ್ಕೆ ಪೇಟೆಂಟ್ ಕೂಡ ತೆಗೆದುಕೊಳ್ಳಲಿಲ್ಲ.

"ಪುಕ್ಕಟೆ ಕೊಟ್ಟು ನೂರು ವರ್ಷ ಆದ್ರೂ ನಮ್ಮವರು ತಗೊಂಡಿಲ್ಲ ನೋಡಿ," ಎಂದರು ಭಾಯ್. "ತಗೊಂಡವರು ನಾಲ್ಕೂ ಒಟ್ಟಿಗೆ ಹಾಕ್ತಾರೆ. ಹನುಮಂತಪ್ಪ ಸರ್ಕಲ್‌ನಲ್ಲಿ ನೇರ ಹೋಗೋಕೆ ಹಝಾರ್ಡ್ ಲೈಟು! ಎಡಗಡೆ ನಿಂತವನಿಗೆ ಎಡದ ದೀಪ ಒಂದೇ ಕಾಣುತ್ತೆ. ಇವನು ಎಡಕ್ಕೆ ತಿರುಗ್ತಾನೆ ಅಂತ ಅವನು ನುಗ್ತಾನೆ. ಆಮೇಲೆ ಇಬ್ಬರೂ ಇಳಿದು ಒಬ್ಬರಿಗೊಬ್ಬರು ಲೈಸೆನ್ಸ್ ಕೇಳ್ತಾರೆ."

ಕೆಟ್ಟು ನಿಂತ ಗಾಡಿಗೆ ಇರುವ ದೀಪ ಅದು. ಇಂಡಿಕೇಟರ್ ಕಡ್ಡಿಯನ್ನೇ ಮುಟ್ಟದವರಿಗೆ ರಾಡಾರ್ ಮಾರಿದರೆ ರಾಡಾರ್ ತಾನೇ ಏನು ಮಾಡೀತು?

ಮಾತು ಕ್ರೂಸ್ ಕಂಟ್ರೋಲಿಗೆ ಹೋಯಿತು. ಅದನ್ನು ಕಂಡುಹಿಡಿದ ಅಮೆರಿಕದ ರಾಲ್ಫ್ ಟೀಟರ್‌ಗೆ ಐದನೇ ವಯಸ್ಸಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ ಎಂದರು ಮೇಷ್ಟ್ರು. ಯಾರಿಗೂ ನಂಬಿಕೆ ಬರಲಿಲ್ಲ. ಮೇಷ್ಟ್ರು ಹೇಳಿದ್ದು ನಿಜವೇ. ಟೀಟರ್ ತನ್ನ ವಕೀಲನ ಕಾರಿನಲ್ಲಿ ಹೋಗುತ್ತಿದ್ದ. ಆ ವಕೀಲ ತಾನು ಮಾತಾಡುವಾಗ ನಿಧಾನ ಮಾಡುತ್ತಿದ್ದ, ಟೀಟರ್ ಮಾತಾಡುವಾಗ ಜೋರು ಮಾಡುತ್ತಿದ್ದನಂತೆ. ಈ ಜೋಲಿ ತಡೆಯಲಾರದೆ ಟೀಟರ್ ವೇಗ ಒಂದೇ ಸಮ ಇಡುವ ಯಂತ್ರಕ್ಕೆ ಕೈ ಹಾಕಿದ. 1958ರ ಕ್ರೈಸ್ಲರ್ ಕಾರುಗಳಲ್ಲಿ ಅದು ಬಂತು.

"ಆ ವಕೀಲ ನಮ್ಮ ಗೌಡ್ರಿಗೆ ನೆಂಟನೇ ಇರಬೇಕು," ಎಂದ ಸೀನ.

ಗೌಡ್ರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವರ ಕಾರಿನದು ಇನ್ನೂ ಮುಂದುವರಿದ ಕ್ರೂಸ್. ಮುಂದಿನ ಗಾಡಿಗೂ ತನಗೂ ನಡುವೆ ತಾನೇ ಜಾಗ ಬಿಡುತ್ತದೆ. "ಅದೇ ತೊಂದರೆ ಆಗಿದ್ದು. ಅದು ಜಾಗ ಬಿಟ್ಟ ಕೂಡಲೇ ಒಬ್ಬ ನುಗ್ಗಿದ. ಅವನಿಗೂ ಜಾಗ ಬಿಡ್ತು. ಇನ್ನೊಬ್ಬ ನುಗ್ಗಿದ. ಹೀಗೇ ಎಲ್ಲರಿಗೂ ದಾರಿ ಕೊಡ್ತಾ ಹೋಗಿದ್ರೆ ರಾತ್ರಿ ಊಟಕ್ಕೆ ನಾನು ವಾಪಸ್ ಹಾಸನದಲ್ಲೇ ಇರ್ತಿದ್ದೆ."

"ಆಮೇಲೆ?"

"ಆಫ್ ಮಾಡಿದೆ. ಕುಣಿಗಲ್ ಹತ್ತಿರ ಮೀಟರಿನಲ್ಲಿ ಒಂದು ಕಾಫಿ ಕಪ್ಪಿನ ಚಿತ್ರ ಬಂತು. ಅಬ್ಬಾ, ನಾನು ಪ್ಲಾಂಟರ್ ಅಂತ ಗುರುತು ಹಿಡೀತಲ್ಲ ಅಂತ ಖುಷಿಯಾಯ್ತು."

ಶಾರದಕ್ಕನಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ಚಾಲಕನಿಗೆ ಸುಸ್ತಾಗಿದೆ, ಸ್ಟೇರಿಂಗ್ ಹಿಡಿತ ತೂಗಾಡುತ್ತಿದೆ, ಎಲ್ಲಾದರೂ ನಿಲ್ಲಿಸಿ ಸುಧಾರಿಸಿಕೊಳ್ಳಿ ಅಂತ ಆ ಕಪ್ಪಿನ ಅರ್ಥ. ಗೌಡ್ರು ಅದನ್ನು ಸನ್ಮಾನ ಅಂದುಕೊಂಡು ನೆಲಮಂಗಲದವರೆಗೆ ಒಂದೇ ಉಸಿರಿಗೆ ಓಡಿಸಿದ್ದರು.

ಭಾಯ್‌ಗೆ ಕೂಗುವ ಸಾಮಾನು ಅಂದರೆ ಆಗುವುದಿಲ್ಲ. 2019ರ ಜುಲೈಯಿಂದ ತಯಾರಾದ ಕಾರುಗಳೆಲ್ಲ 80 ಕಿಲೋಮೀಟರ್ ವೇಗ ದಾಟಿದರೆ ಆಗಾಗ ಬೀಪ್ ಅನ್ನಬೇಕು, 120 ದಾಟಿದರೆ ನಿಲ್ಲಿಸದೆ ಬಡಿದುಕೊಳ್ಳಬೇಕು. ಬೆಲ್ಟ್ ಹಾಕದಿದ್ದರೆ ಅದಕ್ಕೊಂದು ಬೀಪ್. "ಮನೆಯಲ್ಲಿ ಬೇಗಂ, ಗಾಡಿಯಲ್ಲಿ ಇದು," ಎನ್ನುವುದು ಅವರ ದೂರು. ಅದಕ್ಕೆ ಅವರು ಕಂಡುಕೊಂಡ ದಾರಿ ಒಂದು ಸಣ್ಣ ಕ್ಲಿಪ್. ಬೆಲ್ಟಿನ ತೂತಿಗೆ ಅದನ್ನು ಸಿಕ್ಕಿಸಿದರೆ ಕಾರಿಗೆ ಬೆಲ್ಟ್ ಹಾಕಿದ ಸಮಾಧಾನ, ಭಾಯ್‌ಗೆ ಹಾಕದ ಸಮಾಧಾನ.

"ಆ ಕ್ಲಿಪ್ಪು ಮಾರಬಾರದು ಅಂತ 2023ರಲ್ಲೇ ಆರ್ಡರ್ ಆಗಿದೆ ಭಾಯ್," ಎಂದರು ಶಾರದಕ್ಕ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಂದ ಇಂಥ ಕ್ಲಿಪ್ಪಿನ 13,118 ಜಾಹೀರಾತುಗಳನ್ನು ತೆಗೆಸಿತು. ಹದಿಮೂರು ಸಾವಿರ! ಜೀವ ಉಳಿಸುವ ಬೆಲ್ಟಿಗೆ ಮೋಸ ಮಾಡಲು ಇಷ್ಟು ದೊಡ್ಡ ಸಂತೆ. ಸಿಕ್ಕಿಬಿದ್ದರೆ ಕಾನೂನಿನಲ್ಲಿ 1,000 ರೂಪಾಯಿ ದಂಡ ಬೇರೆ.

ಮೂರು ಕಡೆ ಹಿಡಿಯುವ ಈ ಬೆಲ್ಟನ್ನು 1959ರಲ್ಲಿ ವೋಲ್ವೋದ ನೀಲ್ಸ್ ಬೋಲಿನ್ ಮಾಡಿದ್ದು, ಕಂಪನಿ ಅದನ್ನು ಬೇರೆಯವರೂ ಬಳಸಲಿ ಅಂತ ಬಿಟ್ಟುಕೊಟ್ಟಿತು ಎಂದು ಮೇಷ್ಟ್ರು ಶುರು ಮಾಡಿದರು.

"ಇದೂ ಪುಕ್ಕಟೆನಾ?" ಎಂದರು ಭಾಯ್. "ಅದಕ್ಕೇ ಮೇಷ್ಟ್ರೇ. ಕ್ಲಿಪ್ಪಿಗೆ ದುಡ್ಡು ಕೊಟ್ಟಿದ್ದೀನಿ, ಅದು ಪೋಲಾಗಬಾರದಲ್ಲ."

ಇದುವರೆಗೆ ಮೇಷ್ಟ್ರು ಆರಾಮಾಗಿದ್ದರು. ಅವರದು ಹಳೇ ಸಣ್ಣ ಕಾರು, ಅದರಲ್ಲಿ ಯಾವ ಆಧುನಿಕತೆಯೂ ಇಲ್ಲ ಅಂತ ಅವರಿಗೆ ಹೆಮ್ಮೆ. "ನಾನು ನೋಡಿ, ಚಾರ್ಮಾಡಿ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿಬಿಡ್ತೀನಿ. ಒಂದು ತೊಟ್ಟು ಪೆಟ್ರೋಲ್ ಖರ್ಚಿಲ್ಲ. ಇದಕ್ಕೆ ಯಾವ ಟೆಕ್ನಾಲಜಿ ಬೇಕು?"

ಸೀನ ಕುರ್ಚಿ ಹತ್ತಿರ ಎಳೆದುಕೊಂಡ. ಶಾರದಕ್ಕ ಅವನನ್ನು ತಡೆದರು. ಅವರು ಮೇಷ್ಟ್ರ ಹಳೇ ವಿದ್ಯಾರ್ಥಿನಿ.

"ಸಾರ್, ಶಕ್ತಿ ನಾಶ ಆಗಲ್ಲ, ರೂಪ ಬದಲಾಯಿಸುತ್ತೆ ಅಂತ ಒಂಬತ್ತನೇ ಕ್ಲಾಸಿನಲ್ಲಿ ನೀವೇ ಬರೆಸಿದ್ದು. ಅಷ್ಟು ಎತ್ತರದಿಂದ ಇಳಿಯೋ ಗಾಡಿಯ ಶಕ್ತಿ ಎಲ್ಲಿಗೆ ಹೋಗುತ್ತೆ?"

"ಬ್ರೇಕಿಗೆ," ಎಂದರು ಮೇಷ್ಟ್ರು, ಸ್ವಲ್ಪ ತಗ್ಗಿದ ದನಿಯಲ್ಲಿ.

"ಬ್ರೇಕು ಕಾದರೆ?"

"ಹಿಡಿಯಲ್ಲ."

ಪೆಟ್ರೋಲ್ ಲೆಕ್ಕವೂ ತಪ್ಪು ಎಂದ ಸೀನ. ಮೇಷ್ಟ್ರ ಕಾರು ಹಳೇದಾದರೂ ಕಾರ್ಬೊರೇಟರ್ ಕಾಲದ್ದಲ್ಲ, ಫ್ಯೂಯಲ್ ಇಂಜೆಕ್ಷನ್ ಇರುವುದು. ಗೇರಿನಲ್ಲಿ ಇಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಚಕ್ರವೇ ಎಂಜಿನ್ ತಿರುಗಿಸುತ್ತದೆ, ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆರದಿರಲಿ ಅಂತ ಪೆಟ್ರೋಲ್ ಕೊಡುತ್ತಲೇ ಇರಬೇಕು. ಅಂದರೆ ಮೇಷ್ಟ್ರು ಇಷ್ಟು ವರ್ಷ ಘಾಟಿ ಇಳಿಯುತ್ತಾ ಪೆಟ್ರೋಲನ್ನೂ ಸುಟ್ಟಿದ್ದಾರೆ, ಬ್ರೇಕ್ ಪ್ಯಾಡನ್ನೂ ಸುಟ್ಟಿದ್ದಾರೆ. ಆಟೊಮ್ಯಾಟಿಕ್ ಗಾಡಿಯವರಿಗೂ ಇಳಿಜಾರಿಗೆ ಅಂತ ಕೆಳಗಿನ ಗೇರು ಕೊಟ್ಟಿರುತ್ತಾರೆ. ಡಿ ಬಿಟ್ಟು ಬೇರೆ ಅಕ್ಷರ ಇದೆ ಅಂತ ಮುಳ್ಳಯ್ಯನಗಿರಿಗೆ ಬರುವ ಟೂರಿಸ್ಟರಲ್ಲಿ ತುಂಬಾ ಜನಕ್ಕೆ ತಿಳಿದೇ ಇಲ್ಲ ಎಂದರು ಭಾಯ್. ಕೈಮರಕ್ಕೆ ಇಳಿಯುವಷ್ಟರಲ್ಲಿ ಅವರ ಚಕ್ರದಿಂದ ಬರುವ ಸುಟ್ಟ ವಾಸನೆ ಹಿಂದಿನ ಗಾಡಿಯವರಿಗೂ ಹೊಡೆಯುತ್ತದೆ.

ಮೇಷ್ಟ್ರು ಸೋತದ್ದು ಗೌಡ್ರಿಗೆ ಬಹಳ ಹಿತವಾಯಿತು. ಅದು ಜಾಸ್ತಿ ಹೊತ್ತು ಉಳಿಯಲಿಲ್ಲ.

"ಗೌಡ್ರೇ, ಮಳೆಯಲ್ಲಿ ಮುಂದಿನ ಗಾಜು ಒಳಗಿನಿಂದ ಮಬ್ಬಾದರೆ ಏನು ಮಾಡ್ತೀರಿ?" ಎಂದು ಕೇಳಿದರು ಶಾರದಕ್ಕ.

"ಬನಿಯನ್ ಬಟ್ಟೆ ಇಟ್ಟಿದ್ದೀನಿ. ಮನೆಯವಳು ಒರೆಸ್ತಾಳೆ."

ಸೀನ ಹಣೆ ಚಚ್ಚಿಕೊಂಡ. ಲಕ್ಷಾಂತರ ರೂಪಾಯಿಯ ಗಾಡಿ, ಹರಿದ ಬನಿಯನ್. ಮೇಷ್ಟ್ರದ್ದು ಹಿಂದಿನ ದಿನದ ಪೇಪರ್ ಅಂತೆ, ಅದೇ ಪದ್ಧತಿ. ನಿಜ ಹೇಳಬೇಕೆಂದರೆ ಮಲೆನಾಡಿನಲ್ಲಿ ಗಾಡಿ ಓಡಿಸುವವರಿಗೆ ಸನ್‌ರೂಫ್‌ಗಿಂತ, ಮಾತಾಡುವ ಪರದೆಗಿಂತ ದೊಡ್ಡ ಉಪಕಾರ ಮಾಡುವುದು ಈ ಮಬ್ಬು ತೆಗೆಯುವ ಬಟನ್. ಅದಕ್ಕೆ ಯಾರೂ ಜಾಹೀರಾತು ಕೊಡುವುದಿಲ್ಲ. ಬೀಸಣಿಗೆ ಆಕಾರದ ಗಾಜು, ಅದರ ಮೇಲೆ ಮೂರು ಡೊಂಕು ಬಾಣ. ಒತ್ತಿದರೆ ಗಾಳಿ ನೇರ ಗಾಜಿಗೆ ಹೊಡೆಯುತ್ತದೆ. ಜೊತೆಗೆ ಎಸಿ ಆನ್ ಇರಬೇಕು, ಏಕೆಂದರೆ ಎಸಿ ಗಾಳಿಯ ತೇವ ಹಿಂಡುತ್ತದೆ. ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಆಫ್ ಇರಬೇಕು, ಇಲ್ಲದಿದ್ದರೆ ಕಾರಿನಲ್ಲಿ ಕೂತ ಐದು ಜನರ ಉಸಿರು, ಒದ್ದೆ ಕೊಡೆ, ಒದ್ದೆ ಜರ್ಕಿನ್ ಎಲ್ಲದರ ತೇವ ಅಲ್ಲೇ ಸುತ್ತುತ್ತದೆ. ಮಳೆಗಾಲದಲ್ಲಿ ಎಸಿ ಯಾಕೆ ಅಂತ ಆರಿಸಿ, ಕಿಟಕಿ ಮುಚ್ಚಿ, ಬಟ್ಟೆ ಹಿಡಿದು ಕೂರುವುದು ನಮ್ಮೂರಿನ ಸಂಪ್ರದಾಯ.

"ಆ ಮೂರು ಬಾಣದ್ದಾ?" ಎಂದರು ಗೌಡ್ರು. "ಸೀಟು ಬಿಸಿ ಮಾಡೋದು ಅಂತ ನಾನು ಮುಟ್ಟಿರಲೇ ಇಲ್ಲ."

"ಶೋರೂಮಿನಲ್ಲಿ ಹೇಳಿಕೊಡಲಿಲ್ವಾ?"

"ಹುಡುಗ ಹೇಳ್ತಾನೇ ಇದ್ದ. ಗುರುವಾರ, ಒಂದೂವರೆಗೆ ರಾಹುಕಾಲ ಶುರು. ಆಗಲೇ ಒಂದೂಕಾಲು. ಫೋಟೋ ಬೇರೆ ತೆಗೆಸಿಕೊಳ್ಳಬೇಕಿತ್ತು."

ಸೀನನಿಗೆ ಆಯುಧಪೂಜೆಯ ಕಥೆ ನೆನಪಾಯಿತು. ಅವತ್ತು ಗೌಡ್ರು ಫೋನ್ ಮಾಡಿ ರಾಡಾರ್ ಕೆಟ್ಟಿದೆ ಅಂದಿದ್ದರಂತೆ. ಮೀಟರಿನಲ್ಲಿ ರಾಡಾರ್ ಮುಚ್ಚಿದೆ ಅಂತ ಬರುತ್ತಿದೆ, ಪಕ್ಕದಲ್ಲಿ ಏನೂ ಇಲ್ಲದಿದ್ದರೂ ಸೆನ್ಸಾರ್ ಕೂಗುತ್ತಿದೆ. ಹೋಗಿ ನೋಡಿದರೆ ಬಂಪರಿಗೆ ಎರಡು ಬಾಳೆಕಂದು, ಗ್ರಿಲ್ ತುಂಬ ಒದ್ದೆ ಚೆಂಡುಹೂವಿನ ಹಾರ, ಕ್ಯಾಮೆರಾ ಎದುರಿನ ಗಾಜಿಗೆ ಅಂಗೈ ಅಗಲ ಕುಂಕುಮ. ಹಾರ ತೆಗೆದ ಕೂಡಲೇ ರಾಡಾರ್ ಸರಿಹೋಯಿತು. ಬಿಲ್ ಮಾಡಲಿಲ್ಲ, ಬೂದುಗುಂಬಳದ ಕಾಸು ಸಿಕ್ಕಿತು ಎಂದ.

"ಆಮೇಲೆ ಒಂದು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ರು. ಅದನ್ನಾದ್ರೂ ಸ್ವಲ್ಪ ಪಕ್ಕಕ್ಕೆ ಕಟ್ಟಿ ಅಂದೆ. ಅಣ್ಣಾ, ಎರಡೂ ನಿಮ್ಮನ್ನ ಕಾಯೋಕೇ ಇರೋದು, ಒಂದಕ್ಕೊಂದು ಅಡ್ಡ ಬರಬಾರದು."

"ಅದೆಲ್ಲ ಇರಲಿ," ಎಂದರು ಶಾರದಕ್ಕ. ಮಳೆ ಸ್ವಲ್ಪ ತಗ್ಗಿತ್ತು. "ನಿಮ್ಮ ಗಾಡಿಯ ಕೈಪಿಡಿ ತನ್ನಿ ಗೌಡ್ರೇ. ಯಾವ ಬಟನ್ ಯಾತಕ್ಕೆ ಅಂತ ನಾನೇ ಗುರುತು ಹಾಕಿಕೊಡ್ತೀನಿ."

"ಗಾಡಿಯಲ್ಲಿಲ್ಲ. ಮನೆಯಲ್ಲಿದೆ. ದೇವರ ಕೋಣೆಯಲ್ಲಿ."

"ದೇವರ ಕೋಣೆಯಲ್ಲಿ ಯಾಕೆ?"

"ಸರಸ್ವತಿ ಪೂಜೆಗೆ ಇಟ್ಟಿದ್ವಿ. ಪೂಜೆಗೆ ಇಟ್ಟ ಪುಸ್ತಕ ಓದೋ ಹಾಗಿಲ್ವಲ್ಲ."

"ವಿಜಯದಶಮಿ ದಿನ ತೆಗೀಬೇಕಲ್ವಾ ಗೌಡ್ರೇ? ಇದು ಜುಲೈ!"

"ತೆಗೀಬೇಕಿತ್ತು," ಎಂದರು ಗೌಡ್ರು, ಕೀ ಹುಡುಕುತ್ತಾ. "ಈಗ ಮುಂದಿನ ದಸರಾನೇ ಹತ್ತಿರ ಬಂತಲ್ಲ. ಇರಲಿ ಬಿಡು, ಎರಡು ಪೂಜೆ ಒಟ್ಟಿಗೆ ಆಗುತ್ತೆ."