ಹಣ್ಣಿನ ಪರಿಮಳದ ಐಪಿಎ ಬಿಯರ್: ಬ್ರೂವರ್‌ನ ಕೇಳಿ

ಕುವೆಂಪುನಗರ: ಸಾರ್, ಕ್ಯಾನ್ ಮೇಲೆ ಮಾವು, ಚಕ್ಕೋತ ಅಂತ ಬರೆದಿದೆ. ಹಣ್ಣಿನ ರಸ ಹಾಕಿರ್ತಾರಾ? ರುಚಿ ನೋಡೋದು ಹೇಗೆ?

ಬ್ರೂವರ್: ಪದಾರ್ಥಗಳ ಪಟ್ಟೀಲಿ ಹಣ್ಣು ಇಲ್ದಿದ್ರೆ ಅದು ಹಾಪ್ಸ್ ಹೂವಿನ ಎಣ್ಣೆಯ ಘಮ. ಸಿಟ್ರಾ, ಮೊಸಾಯಿಕ್ ಅನ್ನೋ ಹಾಪ್ಸ್ ತಳಿಗಳ ಗುಣವೇ ಅದು. ಐಪಿಎ ಅಂದ್ರೆ ಈ ಹೂವು ಜಾಸ್ತಿ ಹಾಕೋ ಬಿಯರ್. ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷ ಬಿಡಿ, 7ರಿಂದ 10 ಡಿಗ್ರಿಗೆ ಬರಲಿ. ಫ್ರೀಜರ್‌ನಲ್ಲಿಟ್ಟ ಗ್ಲಾಸ್ ಬೇಡ, ಪರಿಮಳ ಏಳೋದೇ ಇಲ್ಲ. ಬಾಯಿ ಕಿರಿದಾದ ಗ್ಲಾಸಿಗೆ ಕಾಲು ಭಾಗ ಸುರಿದು, ಒಂದು ಸುತ್ತು ಆಡಿಸಿ, ಎರಡು ಸಲ ಚುಟುಕಾಗಿ ಮೂಸಿ. ಗುಟುಕು ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಲ್ಲಿ ಉಸಿರು ಬಿಡಿ. ಹಣ್ಣು ಸಿಗೋದು ಅಲ್ಲಿ. ಮೆಣಸಿನಕಾಯಿ ಬಜ್ಜಿ ಜೊತೆಗಿದ್ರೆ ಕಹಿ, ಖಾರ ಎರಡೂ ಏರುತ್ತೆ. ಮಧ್ಯೆ ಬರೀ ಪುರಿ, ನೀರು ಸಾಕು.

ಮಂಡ್ಯ: ನಂಗೆ ರಸಬಾಳೆ ವಾಸ್ನೆ ಬತ್ತೈತೆ ಸಾ. ಅದೂ ಹಾಪ್ಸಾ?

ಬ್ರೂವರ್: ಅಲ್ಲ, ಯೀಸ್ಟ್. ಗೋಧಿ ಬಿಯರ್‌ಗೆ ಒಪ್ಪುತ್ತೆ. ಐಪಿಎಯಲ್ಲಿ ಅದೇ ಮುಂದಿದ್ರೆ ಹುದುಗುವಾಗ ಶಾಖ ಜಾಸ್ತಿ ಆಗಿರಬಹುದು.

ಗೋಕುಲಂ: ಸಿಟ್ರಾ ಅಂದ್ರೆ ಪಕ್ಕಾ ಬಾದಾಮಿ ಮಾವು.

ಸರಸ್ವತಿಪುರಂ: ಬಾದಾಮಿ ಎಲ್ಲಿಂದ ಬಂತು ಗುರು? ಸಿಟ್ರಾದಲ್ಲಿ ಚಕ್ಕೋತದ ಸಿಪ್ಪೆಯೇ ಮುಂದು.

ಗೋಕುಲಂ: ನೆಗಡಿ ಇದ್ದಾಗ ಮೂಸಿದ್ರಾ?

ಶ್ರೀರಂಗಪಟ್ಟಣ: ಸಾರ್, ಒಂದೇ ಬ್ಯಾಚಿನ ಆರು ಕ್ಯಾನ್. ಮೊದಲೆರಡು ಘಮ್ ಅಂತಿದ್ವು. ಉಳಿದವು ಮೂರು ವಾರ ಕಪಾಟಲ್ಲಿದ್ವು. ಈಗ ತೆರೆದ್ರೆ ನೊರೆ ಉಕ್ಕುತ್ತೆ, ಬೆಣ್ಣೆ ವಾಸನೆ. ಒಂದರ ತಳ ಉಬ್ಬಿದೆ.

ಬ್ರೂವರ್: ಉಬ್ಬಿದ್ದನ್ನ ಅಲ್ಲಾಡಿಸದೆ, ದಪ್ಪ ಬಟ್ಟೆ ಸುತ್ತಿ ಫ್ರಿಜ್‌ಗಿಡಿ. ಮುಖ ದೂರ ಇರಲಿ. ನನಗೆ ಇದು ಹಾಪ್ ಕ್ರೀಪ್ ಅನ್ಸುತ್ತೆ. ಪರಿಮಳಕ್ಕೆ ಅಂತ ಕೊನೆಗೆ ಹಾಕೋ ಹಾಪ್ಸ್‌ನಲ್ಲಿ ಕಿಣ್ವಗಳಿರ್ತವೆ. ಬಿಯರ್‌ನಲ್ಲಿ ಉಳಿದ ಡೆಕ್ಸ್‌ಟ್ರಿನ್ನನ್ನ, ಅಂದ್ರೆ ಯೀಸ್ಟ್ ತಿನ್ನದೆ ಬಿಟ್ಟ ಪಿಷ್ಟದ ತುಣುಕುಗಳನ್ನ, ಅವು ಸಕ್ಕರೆಯಾಗಿ ಒಡೀತವೆ. ಕ್ಯಾನ್‌ನಲ್ಲಿ ಯೀಸ್ಟ್ ಜೀವಂತ ಇದ್ದು, ಹೊರಗೆ ಬೆಚ್ಚಗಿದ್ರೆ ಮತ್ತೆ ಹುದುಗು ಶುರು. ಗ್ಯಾಸ್ ಏರುತ್ತೆ, ಆಲ್ಕೋಹಾಲೂ ಸ್ವಲ್ಪ ಏರುತ್ತೆ, ಬೆಣ್ಣೆ ವಾಸನೆಯ ಡೈಅಸಿಟೈಲ್ ಹುಟ್ಟುತ್ತೆ. ಈಗಾಗಲೇ ತೆರೆದಿರೋ ಕ್ಯಾನ್‌ನಿಂದ 50 ಮಿಲಿಯಂತೆ ಎರಡು ಲೋಟಕ್ಕೆ ಹಾಕಿ, ಕಲಕಿ ಗ್ಯಾಸ್ ಬಿಡಿಸಿ, ಮೇಲೆ ತಟ್ಟೆ ಮುಚ್ಚಿ. ಒಂದನ್ನ 60 ಡಿಗ್ರಿ ನೀರಲ್ಲಿ 20 ನಿಮಿಷ ಇಡಿ, ಇನ್ನೊಂದು ಫ್ರಿಜ್‌ನಲ್ಲಿರಲಿ. ಎರಡನ್ನೂ ಒಂದೇ ತಂಪಿಗೆ ತಂದು ಮೂಸಿ. ಬಿಸಿ ಮಾಡಿದ್ರಲ್ಲಿ ಬೆಣ್ಣೆ ಜಾಸ್ತಿ ಬಂದ್ರೆ ಡೈಅಸಿಟೈಲ್‌ನ ಮೂಲ ಇನ್ನೂ ಒಳಗಿದೆ. ಹುಳಿಯೂ ಇದ್ರೆ ಬ್ಯಾಕ್ಟೀರಿಯಾ ಮೇಲೆ ಅನುಮಾನ. ಇದು ಟ್ಯಾಂಕಲ್ಲೇ ಮುಗೀಬೇಕಿದ್ದ ಕೆಲಸ. ಮನೇಲಿ ಸರಿ ಮಾಡೋಕಾಗಲ್ಲ. ಬ್ಯಾಚ್ ನಂಬರ್, ಪ್ಯಾಕಿಂಗ್ ತಾರೀಕಿನ ಫೋಟೋ ತಯಾರಕರಿಗೆ ಕಳಿಸಿ.

ವಿಜಯನಗರ: ಎಷ್ಟು ಡಿಗ್ರೀಲಿ ಕುಡೀಬೇಕು ಸಾರ್?

ಬ್ರೂವರ್: ಮೇಲೆ ಓದಿ.

ಗೋಕುಲಂ: ಫಾರ್ವರ್ಡ್ ಬಂದಿದೆ: "ದಿನಾ ಬಿಯರ್ ಕುಡಿದ್ರೆ ಕಿಡ್ನಿ ಕಲ್ಲು ಕರಗುತ್ತೆ. ತಲೆನೋವು ಬರದಿರಲು ಮೊದಲೇ ಎರಡು ಪ್ಯಾರಾಸಿಟಮಾಲ್."

ಬ್ರೂವರ್: ಕಲ್ಲು ಕರಗಲ್ಲ, ಡಾಕ್ಟರ್ ಹತ್ರ ಹೋಗಿ. ಕುಡಿತದ ಜೊತೆ ಪ್ಯಾರಾಸಿಟಮಾಲ್ ಲಿವರ್‌ಗೆ ಪೆಟ್ಟು. ಇಂಥದ್ದನ್ನ ಇಲ್ಲಿ ಹಾಕ್ಬೇಡಿ ಅಂತ ಎಷ್ಟು ಸಲ ಹೇಳ್ಲಿ?

ಸರಸ್ವತಿಪುರಂ: ಬಾದಾಮಿ ಮೂಗಿನವರು ತಾನೆ, ಬಿಡಿ.

ಗೋಕುಲಂ: ರೀ, ಮರ್ಯಾದೆ.

ಹೆಬ್ಬಾಳ: ಮಬ್ಬಾಗಿರೋ ಐಪಿಎ ಎಷ್ಟು ದಿನ ಇಡಬಹುದು?

ವಿಜಯನಗರ: ಮೇಲೆ ತುಂಬ ಉದ್ದ ಇದೆ. ಡಿಗ್ರಿ ಒಂದು ಹೇಳಿ ಸಾರ್.

ಬ್ರೂವರ್: 7–10.

ಮಂಡ್ಯ: ಆ ಉಬ್ಬಿರೋ ಕ್ಯಾನ್‌ಗೆ ಪಿನ್ ಚುಚ್ಚಿ ಗ್ಯಾಸ್ ಬುಟ್ರೆ ಆಯ್ತು ಬುಡಿ.

ಬ್ರೂವರ್: ಚುಚ್ಚಬೇಡಿ! ಶ್ರೀರಂಗಪಟ್ಟಣದವರೇ, ಕ್ಯಾನ್ ಫ್ರಿಜ್‌ಗೆ ಹೋಯ್ತಾ?