ನಿಕ್ಸಿ ಟ್ಯೂಬ್ ಗಡಿಯಾರ ಕಟ್ಟುವವರ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ಭಾನುವಾರದ ವಿಷಯ ನಿಕ್ಸಿ ಗಡಿಯಾರ. ಹೊಸಬರಿಗೆ ಎರಡು ಮಾತು: ಇದು ಗಾಜಿನ ಟ್ಯೂಬ್, ಒಳಗೆ ನಿಯಾನ್ ಅನಿಲ. 0ರಿಂದ 9ರವರೆಗಿನ ಲೋಹದ ಅಂಕಿಗಳು ಒಂದರ ಹಿಂದೆ ಒಂದು ಕೂತಿರುತ್ತವೆ. ಯಾವ ಅಂಕಿಯಲ್ಲಿ ಕರೆಂಟ್ ಹರಿಯುತ್ತದೋ ಅದರ ಸುತ್ತ ಕಿತ್ತಳೆ ಬೆಳಕು. 1955ರಲ್ಲಿ ಅಮೆರಿಕದ ಬರೋಸ್ ಕಂಪನಿ ಮಾರುಕಟ್ಟೆಗೆ ತಂದಿತು, 1970ರ ದಶಕದಲ್ಲಿ ಎಲ್‌ಇಡಿ ಬಂದು ಇದನ್ನು ಮೂಲೆಗೆ ತಳ್ಳಿತು. ಈಗ ನಮ್ಮ ಕೈಗೆ ಸಿಗುವುದು ಹೆಚ್ಚಾಗಿ ಸೋವಿಯತ್ ಕಾಲದ ಐಎನ್-12, ಐಎನ್-14. ಗುಂಪಿನಲ್ಲಿ ಹಲವರು ಮಾಡುತ್ತಿರುವುದು ಮಾಡ್ಯೂಲ್ ಮಾದರಿ. ಒಂದೊಂದು ಟ್ಯೂಬಿಗೆ ಒಂದೊಂದು ಪುಟ್ಟ ಬೋರ್ಡ್, ಎಲ್ಲವನ್ನೂ ಕೆಳಗಿನ ಮದರ್‌ಬೋರ್ಡಿಗೆ ಸಿಕ್ಕಿಸುವುದು. ಉತ್ತರ ಕೊಡುವವರು ಹಳೇ ಲ್ಯಾಬ್ ಉಪಕರಣಗಳ ರಿಪೇರಿ ಮಾಡುವ ಎಂಜಿನಿಯರ್, ನಮ್ಮ ಮೇಡಂ. ಪ್ರಶ್ನೆ ಕೇಳುವ ಮೊದಲು ಮೇಲಿನ ಉತ್ತರ ಓದಿ, ದಯವಿಟ್ಟು.

ಹಾಸನದ ಹವ್ಯಾಸಿ: ಮೇಡಂ ನಮಸ್ತೆ. ಐಎನ್-12ಕ್ಕೆ ಎಷ್ಟು ವೋಲ್ಟ್ ಬೇಕು? 12 ವೋಲ್ಟ್ ಅಡಾಪ್ಟರ್ ಸಾಕಾ?

ಮೇಡಂ: ನಮಸ್ತೆ. ಟ್ಯೂಬ್ ಹೊತ್ತಿಕೊಳ್ಳಲು 170 ವೋಲ್ಟ್ ಡಿಸಿ ಬೇಕು. 180 ಇಟ್ಟುಕೊಂಡರೆ ಚಿಂತೆಯಿಲ್ಲ. 12 ವೋಲ್ಟ್ ಅಡಾಪ್ಟರಿಂದ ಶುರುಮಾಡಿ, ಬೂಸ್ಟ್ ಸರ್ಕ್ಯೂಟ್ ಹಾಕಿ ಏರಿಸಿಕೊಳ್ಳಿ. ಎಂಸಿ34063 ಚಿಪ್ಪಿನ ಸರ್ಕ್ಯೂಟ್ ಬೇಕಾದಷ್ಟು ಕಡೆ ಸಿಗುತ್ತದೆ. ಒಮ್ಮೆ ಹೊತ್ತಿಕೊಂಡ ಮೇಲೆ ಟ್ಯೂಬಿನ ಮೇಲೆ ನಿಲ್ಲುವುದು ಸುಮಾರು 140 ವೋಲ್ಟ್ ಮಾತ್ರ. ಉಳಿದ 40ನ್ನು ಆನೋಡಿನ, ಅಂದರೆ ಟ್ಯೂಬಿನ ಪ್ಲಸ್ ತುದಿಯ, ರೆಸಿಸ್ಟರ್ ಹೊರಬೇಕು. 15 ಕಿಲೋ ಓಮ್ ಹಾಕಿದರೆ 2.7 ಮಿಲಿಆಂಪ್ ಹರಿಯುತ್ತದೆ, ಅದು ಸರಿಯಾದ ಲೆಕ್ಕ. ರೆಸಿಸ್ಟರ್ ಇಲ್ಲದೆ ಒಂದು ಕ್ಷಣವೂ ಟ್ಯೂಬಿಗೆ ಕರೆಂಟ್ ಕೊಡಬೇಡಿ. ಹೊತ್ತಿಕೊಂಡ ಅನಿಲ ತಾನಾಗಿ ಕರೆಂಟನ್ನು ತಡೆಯುವುದಿಲ್ಲ.

ಬೆಸುಗೆ ಕಡ್ಡಿ: ಯುಎಲ್‌ಎನ್2003 ಅನ್ನುವ ಸ್ವಿಚ್ ಚಿಪ್ ನನ್ನ ಹತ್ತಿರ ತುಂಬಾ ಇದೆ. ಅಂಕಿಗಳನ್ನು ಅದರಿಂದಲೇ ಓಡಿಸಬಹುದಾ?

ಮೇಡಂ: ಬೇಡ. ಅದು 50 ವೋಲ್ಟಿನದು. ಎಂಪಿಎಸ್‌ಎ42 ಟ್ರಾನ್ಸಿಸ್ಟರ್ 300 ವೋಲ್ಟ್ ತಡೆಯುತ್ತದೆ, ಅದನ್ನು ಹಾಕಿ.

ಮಲೆನಾಡ ಮಿಂಚು: ಮೇಡಂ, ನನ್ನ ಗಡಿಯಾರ ಎರಡು ವರ್ಷದಿಂದ ಚೆನ್ನಾಗಿ ಓಡುತ್ತಿತ್ತು. ಆರು ಮಾಡ್ಯೂಲ್, ಐಎನ್-12, 12 ಗಂಟೆಯ ಲೆಕ್ಕ. ಮೊನ್ನೆ ಧೂಳು ಒರೆಸಲು ಎಲ್ಲ ಮಾಡ್ಯೂಲ್ ತೆಗೆದೆ. ವಾಪಸ್ ಹಾಕುವಾಗ ಎಡತುದಿಯದು ಬಲತುದಿಗೆ ಹೋಯಿತು. ಈಗ ಸೆಕೆಂಡಿನ ಜಾಗದಲ್ಲಿ 4 ಬಂದಾಗ ಅರ್ಧ ಮಾತ್ರ ಉರಿಯುತ್ತದೆ, 7ರ ಕಾಲು ಕಾಣುವುದೇ ಇಲ್ಲ. 1 ಮಾತ್ರ ಫಳಫಳ. ತೆಗೆಯುವಾಗ ಏನಾದರೂ ಪೆಟ್ಟಾಯಿತಾ?

ಮೇಡಂ: ಪೆಟ್ಟಾಗಿಲ್ಲ. ತುಂಬಾ ಒಳ್ಳೆಯ ಪ್ರಶ್ನೆ, ವಿವರವಾಗಿ ಬರೆಯುತ್ತೇನೆ.

ಎಡತುದಿ ಅಂದರೆ ಗಂಟೆಯ ಹತ್ತರ ಸ್ಥಾನ. 12 ಗಂಟೆಯ ಲೆಕ್ಕದಲ್ಲಿ ಅಲ್ಲಿ 1 ಮಾತ್ರ ಉರಿಯುತ್ತದೆ, ಮಿಕ್ಕ ಹೊತ್ತು ಖಾಲಿ. ಎರಡು ವರ್ಷ ಆ ಟ್ಯೂಬಿನ 4, 7 ಒಮ್ಮೆಯೂ ಉರಿದಿಲ್ಲ. ಉರಿಯುವ ಅಂಕಿಯ ಮೇಲೆ ನಿಯಾನ್ ಅಯಾನುಗಳು ಬಡಿದು ಲೋಹದ ಕಣಗಳನ್ನು ಕಿತ್ತು ಹಾಕುತ್ತವೆ. ಆ ಕಣಗಳು ಪಕ್ಕದ, ಸುಮ್ಮನೆ ಕೂತ ಅಂಕಿಗಳ ಮೇಲೆ ಪದರವಾಗಿ ಕೂರುತ್ತವೆ. ಪದರ ಕೂತ ಜಾಗದಲ್ಲಿ ಬೆಳಕು ಹತ್ತುವುದಿಲ್ಲ. ಇದನ್ನೇ ಕ್ಯಾಥೋಡ್ ಪಾಯ್ಸನಿಂಗ್ ಅನ್ನುತ್ತಾರೆ, ಕ್ಯಾಥೋಡ್ ಅಂದರೆ ಇಲ್ಲಿ ಅಂಕಿಯೇ. ಬೇರೆ ಗಡಿಯಾರವಾಗಿದ್ದರೆ ನಿಮಗೆ ಇದು ಗೊತ್ತೇ ಆಗುತ್ತಿರಲಿಲ್ಲ. ಮಾಡ್ಯೂಲ್ ಆಗಿದ್ದಕ್ಕೆ ಜಾಗ ಬದಲಾಯಿತು, ಕಾಯಿಲೆ ಕಣ್ಣಿಗೆ ಬಿತ್ತು.

ಮೊದಲು ಒಂದು ಖಾತ್ರಿ ಮಾಡಿಕೊಳ್ಳಿ. ಅದೇ ಜಾಗಕ್ಕೆ ಇನ್ನೊಂದು ಮಾಡ್ಯೂಲ್ ಹಾಕಿ ನೋಡಿ. ಅದರಲ್ಲೂ 4 ಅರ್ಧವೇ ಉರಿದರೆ ತಪ್ಪು ಟ್ಯೂಬಿನದಲ್ಲ, ಕರೆಂಟ್ ಕಡಿಮೆಯಾಗಿದೆ. ಈ ಒಂದು ಟ್ಯೂಬಿನಲ್ಲಿ ಮಾತ್ರ ಅಂದರೆ ಪಾಯ್ಸನಿಂಗೇ.

ಆಮೇಲೆ ಕೆಟ್ಟ ಅಂಕಿಯೊಂದನ್ನೇ ಉರಿಸಿ ಬಿಡಿ. ವೋಲ್ಟ್ ಏರಿಸುವುದು ಬೇಡ, ಆ ಮಾಡ್ಯೂಲಿನ ರೆಸಿಸ್ಟರ್ 10 ಕಿಲೋ ಓಮ್‌ಗೆ ಇಳಿಸಿ. 4 ಮಿಲಿಆಂಪ್ ಆಗುತ್ತದೆ. ಬೆಳಕು ಅಂಕಿಯ ಒಂದು ತುದಿಯಿಂದ ನಿಧಾನವಾಗಿ ಹರಡುತ್ತಾ ಬರುತ್ತದೆ. ಕೆಲವು ಗಂಟೆ ಹಿಡಿಯಬಹುದು, ಕೆಲವು ದಿನವೂ ಆಗಬಹುದು. ಮಧ್ಯೆ ಮಧ್ಯೆ ನೋಡುತ್ತಿರಿ. ಅಂಕಿ ಬಿಟ್ಟು ಅದರ ಬುಡದ ತಂತಿಯೂ ಹೊಳೆಯಲು ಶುರುವಾದರೆ ಕರೆಂಟ್ ಜಾಸ್ತಿಯಾಯಿತು ಎಂದರ್ಥ, ತಕ್ಷಣ ಇಳಿಸಿ. ಅಂಕಿ ಪೂರ್ತಿ ಉರಿದ ಮೇಲೆ 15 ಕಿಲೋ ಓಮ್‌ಗೆ ವಾಪಸ್.

ಮತ್ತೆ ಬರದಂತೆ ಕೋಡಿನಲ್ಲಿ ಒಂದು ಕೆಲಸ ಸೇರಿಸಿ. ರಾತ್ರಿ ಮೂರು ಗಂಟೆಗೆ ಎಲ್ಲ ಟ್ಯೂಬಿನಲ್ಲೂ 0ರಿಂದ 9 ಕೆಲವು ನಿಮಿಷ ಸುತ್ತಲಿ. ಎರಡು ಮೂರು ತಿಂಗಳಿಗೊಮ್ಮೆ ಮಾಡ್ಯೂಲಿನ ಜಾಗ ಬದಲಿಸಿ. ಏನಾಯಿತು ಅಂತ ಇಲ್ಲಿ ಬರೆಯಿರಿ, ಮರೆಯಬೇಡಿ.

ನಿಯಾನ್ ನೋಡುಗ: ಇದಕ್ಕೆ ಒಂದು ಫಾರ್ವರ್ಡ್ ಬಂದಿತ್ತು. "ಉರಿಯದ ನಿಕ್ಸಿಯನ್ನು 10 ಸೆಕೆಂಡ್ ಮೈಕ್ರೋವೇವ್‌ನಲ್ಲಿ ಇಡಿ, ಹೊಸದರಂತೆ ಆಗುತ್ತದೆ." ಯಾರಾದರೂ ಮಾಡಿದ್ದೀರಾ?

ಮೇಡಂ: ಮಾಡಬೇಡಿ. ಒಳಗಿರುವುದು ಲೋಹ, ಸುತ್ತ ಇರುವುದು ಗಾಜು. ಟ್ಯೂಬ್ ಒಡೆಯುತ್ತದೆ, ಓವನ್ ಹಾಳಾಗುತ್ತದೆ, ಚೂರು ಮುಖಕ್ಕೆ ಹಾರುತ್ತದೆ. ಇಂಥದ್ದನ್ನು ಇಲ್ಲಿ ಹಾಕಬೇಡಿ.

ಧಾರವಾಡದ ಡಯೋಡ್: ಮೇಡಂ, ನಮ್ಮ ಟ್ಯೂಬಿನಾಗ 5 ತಲೆಕೆಳಗಾದ 2 ಇದ್ದಂಗ ಐತ್ರೀ. ಡಿಫೆಕ್ಟ್ ಪೀಸ್ ಕೊಟ್ಟಾರೇನ್ರೀ?

ಮೇಡಂ: ಐಎನ್-12ರಲ್ಲಿ 5 ಇರುವುದೇ ಹಾಗೆ. 2ರ ಅಚ್ಚನ್ನೇ ತಿರುಗಿಸಿ ಹಾಕಿದ್ದಾರೆ. ಟ್ಯೂಬ್ ಸರಿಯಾಗಿದೆ.

ಕರಾವಳಿ ಕೆಪಾಸಿಟರ್: ಬೂಸ್ಟ್ ಸರ್ಕ್ಯೂಟ್ ಎಲ್ಲ ಯಾಕೆ? ನಾನು ಮನೆಯ 230 ವೋಲ್ಟನ್ನೇ ಬ್ರಿಡ್ಜ್ ರೆಕ್ಟಿಫೈಯರಿಗೆ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್) ಕೊಟ್ಟು ರೆಸಿಸ್ಟರಿನಿಂದ ಇಳಿಸಿದ್ದೇನೆ. ಡಬ್ಬಿ ಹಿತ್ತಾಳೆಯದು, ಅಜ್ಜನ ಕಾಲದ್ದು, ನೋಡಲು ಬಹಳ ಚೆಂದ. ಕೋಡ್ ಹಾಕಲು, ಗಡಿಯಾರ ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡಾದ ಇಎಸ್‌ಪಿ32ಕ್ಕೆ ಲ್ಯಾಪ್‌ಟಾಪ್ ಸಿಕ್ಕಿಸಿದಾಗ ಮಾತ್ರ ಕೈಗೆ ಜುಮ್ ಅನ್ನುತ್ತದೆ. ಗ್ರೌಂಡ್ ಲೂಸ್ ಇರಬಹುದಾ?

ಮೇಡಂ: ಮೊದಲು ಪ್ಲಗ್ ಕಿತ್ತು ಆಮೇಲೆ ಇದನ್ನು ಓದಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಹೊರಗೆ ಬರಬೇಕು.

ಲೂಸ್ ಏನೂ ಇಲ್ಲ. ನಿಮ್ಮ ಸರ್ಕ್ಯೂಟೇ ಹಾಗಿದೆ. ಬ್ರಿಡ್ಜಿನ ಮೈನಸ್ ತಂತಿಯನ್ನು ನೀವು ಗ್ರೌಂಡ್ ಅಂದುಕೊಂಡಿದ್ದೀರಿ. ಅದು ನೆಲಕ್ಕೆ ಹೋಲಿಸಿದರೆ ಗ್ರೌಂಡ್ ಅಲ್ಲ. ಎಸಿಯ ಪ್ರತಿ ಸುತ್ತಿನ ಅರ್ಧ ಭಾಗದಲ್ಲಿ ಆ ಮೈನಸ್, ಡಯೋಡ್ ಮೂಲಕ ನೇರವಾಗಿ ಫೇಸ್ ತಂತಿಗೆ ಸೇರಿಕೊಂಡಿರುತ್ತದೆ. ಪ್ಲಗ್ ತಿರುಗಿಸಿ ಹಾಕಿದರೂ ಅಷ್ಟೇ. ಆ ಮೈನಸ್ಸಿಗೆ ಇಎಸ್‌ಪಿ32 ಸೇರಿದೆ, ಅದಕ್ಕೆ ಯುಎಸ್‌ಬಿ ಕೇಬಲ್, ಕೇಬಲ್ಲಿನಿಂದ ಲ್ಯಾಪ್‌ಟಾಪಿನ ಲೋಹದ ಮೈ. ಅದರ ಮೇಲೆ ನಿಮ್ಮ ಕೈ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಇದ್ದಾಗ ಕರೆಂಟಿಗೆ ನೆಲಕ್ಕೆ ಹೋಗಲು ನೀವೇ ದಾರಿ. ಮೂರು ಪಿನ್ನಿನ ಚಾರ್ಜರ್ ಹಾಕಿದ್ದರೆ ಡಯೋಡ್ ಸಿಡಿಯುತ್ತಿತ್ತು, ಲ್ಯಾಪ್‌ಟಾಪೂ ಹೋಗುತ್ತಿತ್ತು.

ಜುಮ್ ಅಂದಷ್ಟಕ್ಕೇ ನಿಂತದ್ದು ಸರ್ಕ್ಯೂಟ್ ಸರಿ ಇರುವುದರಿಂದ ಅಲ್ಲ. ನೆಲ ಒಣಗಿತ್ತು, ಅಷ್ಟೇ. ಮಳೆಗಾಲದಲ್ಲಿ ನಿಮ್ಮ ಕಡೆ ನೆಲ ಬೆವರುತ್ತದೆ. ಬರಿಗಾಲಲ್ಲಿ ನಿಂತು ಆ ಹಿತ್ತಾಳೆ ಡಬ್ಬಿ ಮುಟ್ಟಿದರೆ ಕೈ ಅಲ್ಲೇ ಹಿಡಿದುಕೊಳ್ಳಬಹುದು. ಇನ್ನೊಂದು ವಿಷಯ, 230 ಎಸಿಯನ್ನು ಡಿಸಿ ಮಾಡಿ ಕೆಪಾಸಿಟರ್ ಹಾಕಿದರೆ 325 ವೋಲ್ಟ್ ಆಗುತ್ತದೆ. ಟ್ಯೂಬ್ ಉರಿಯದೆ ಕರೆಂಟ್ ಹರಿಯದಿದ್ದಾಗ ರೆಸಿಸ್ಟರ್ ಏನನ್ನೂ ಇಳಿಸುವುದಿಲ್ಲ. ಅಷ್ಟೂ ವೋಲ್ಟ್ ಪಿನ್ನಿನ ಮೇಲೆ ಕೂತಿರುತ್ತದೆ.

ಆ ಭಾಗವನ್ನು ಪೂರ್ತಿ ತೆಗೆದುಹಾಕಿ. ಬಿಐಎಸ್ ನೋಂದಣಿ ಗುರುತಿನ 12 ವೋಲ್ಟ್ ಅಡಾಪ್ಟರ್ ತನ್ನಿ, ಅದರೊಳಗಿನ ಟ್ರಾನ್ಸ್‌ಫಾರ್ಮರ್ ನಿಮ್ಮನ್ನು ಮೇನ್ಸಿನಿಂದ ಬೇರೆ ಮಾಡುತ್ತದೆ. ಅಲ್ಲಿಂದ ಬೂಸ್ಟ್. ಬೂಸ್ಟಿನ 180 ವೋಲ್ಟ್ ಕೂಡ ಚುರುಕ್ ಅನ್ನಿಸುತ್ತದೆ, ಅದಕ್ಕೆ ಔಟ್‌ಪುಟ್ ಕೆಪಾಸಿಟರಿನ ಮೇಲೆ 470 ಕಿಲೋ ಓಮ್ ರೆಸಿಸ್ಟರ್ ಹಾಕಿ. ಆರಿಸಿದ ಮೇಲೆ ಕೆಲವು ಸೆಕೆಂಡಿನಲ್ಲಿ ಚಾರ್ಜ್ ಇಳಿಯುತ್ತದೆ. ಮೀಟರಿನಲ್ಲಿ ನೋಡಿಯೇ ಕೈ ಹಾಕಿ.

ಪ್ಲಗ್ ಕಿತ್ತಿರಾ? ಉತ್ತರ ಬರೆಯಿರಿ.

ನಿಯಾನ್ ನೋಡುಗ: ರಬ್ಬರ್ ಚಪ್ಪಲಿ ಹಾಕಿಕೊಂಡರೆ 440 ವೋಲ್ಟ್ ಕೂಡ ಏನೂ ಮಾಡಲ್ಲ ಅಂತ ಒಂದು ವಿಡಿಯೋ ಇದೆ, ಹಾಕಲಾ?

ಮೇಡಂ: ಹಾಕಬೇಡಿ! ಎರಡು ಕೈ ಎರಡು ಕಡೆ ಮುಟ್ಟಿದರೆ ಕರೆಂಟ್ ಎದೆಯ ಮೂಲಕ ಹೋಗುತ್ತದೆ. ಅಲ್ಲಿ ಚಪ್ಪಲಿಯ ಕೆಲಸವೇ ಇಲ್ಲ. ಈ ನಂಬಿಕೆಯಿಂದ ಜನ ಸತ್ತಿದ್ದಾರೆ. ಅಡ್ಮಿನ್, ಇಂಥ ಫಾರ್ವರ್ಡ್ ಅಳಿಸಿ.

ಕೋಲಾರದ ಕಾಯಿಲ್: ಮೇಡಂ, ಐಎನ್-12ಕ್ಕೆ ಎಷ್ಟು ವೋಲ್ಟ್?

ಮೇಡಂ: 170. ಮೊದಲ ಉತ್ತರ ಓದಿ.

ಎಸ್‌ಪಿ ರೋಡ್ ಸವಾರ: ನನ್ನದೊಂದು ಸಲಹೆ. ಮಾಡ್ಯೂಲಿಗೆ ಕೆ155ಐಡಿ1 ಹಾಕಿ. ನಿಕ್ಸಿಗೆಂದೇ ಮಾಡಿದ ಸೋವಿಯತ್ ಚಿಪ್, 74141ರ ಜೋಡಿ. ನಾಲ್ಕು ತಂತಿ ಒಳಗೆ, ಹತ್ತು ಅಂಕಿ ಹೊರಗೆ. ಅಸಲಿ ಗಡಿಯಾರ ಅಂದರೆ ಹಾಗಿರಬೇಕು.

ಬೆಸುಗೆ ಕಡ್ಡಿ: ಈ ಕಾಲದಲ್ಲಿ ಅದು ಯಾಕೆ ಸ್ವಾಮಿ? ಎಚ್‌ವಿ5622 ಒಂದೇ ಚಿಪ್ಪಿನಲ್ಲಿ 32 ಔಟ್‌ಪುಟ್. ಎರಡು ಚಿಪ್ಪಿಗೆ ಆರು ಟ್ಯೂಬ್ ಮುಗಿಯಿತು.

ಎಸ್‌ಪಿ ರೋಡ್ ಸವಾರ: ಅದು ಬೇಡುವುದು 12 ವೋಲ್ಟಿನ ಸಿಗ್ನಲ್. ನಿಮ್ಮ ಇಎಸ್‌ಪಿ32 ಕೊಡುವುದು 3.3. ಮಧ್ಯೆ 3.3ನ್ನು 12ಕ್ಕೆ ಏರಿಸುವ ಲೆವೆಲ್ ಶಿಫ್ಟರ್ ಯಾರು ಹಾಕುತ್ತಾರೆ? ಮತ್ತೆ ಆರೂ ಟ್ಯೂಬ್ ಎರಡು ಚಿಪ್ಪಿಗೆ ಕಟ್ಟಿದರೆ ಮಾಡ್ಯೂಲ್ ಅನ್ನುವ ಮಾತಿಗೆ ಅರ್ಥವೇನು?

ಬೆಸುಗೆ ಕಡ್ಡಿ: ಲೆವೆಲ್ ಶಿಫ್ಟರ್ ಹಾಕಲು ಬಾರದವರು ಗಡಿಯಾರ ಕೊಂಡುಕೊಳ್ಳಲಿ.

ಎಸ್‌ಪಿ ರೋಡ್ ಸವಾರ: ಮಾತು ಸರಿಯಾಗಿರಲಿ. ನೀವೇ ಅಲ್ವಾ ಈಗ ಯುಎಲ್‌ಎನ್2003 ಕೇಳಿದ್ದು?

ಹಳೇ ರೇಡಿಯೋ: ಇಬ್ಬರೂ ಸುಮ್ನಿರಿ. ನನ್ನ ಪ್ರಶ್ನೆ ಬೇರೆ. ಒಂದು ಕಾಲೇಜಿನ ಗುಜರಿಯಲ್ಲಿ ಎಚ್‌ಪಿ 5245ಎಲ್ ಫ್ರೀಕ್ವೆನ್ಸಿ ಕೌಂಟರ್ ಸಿಕ್ಕಿತು. ಇನ್ನೂ ಓಡುತ್ತಿದೆ. ಟ್ಯೂಬ್ ಕಿತ್ತು ಗಡಿಯಾರಕ್ಕೆ ಹಾಕೋಣ ಅಂತಿದ್ದೇನೆ.

ಮೇಡಂ: ಓಡುತ್ತಿದ್ದರೆ ಕೀಳಬೇಡಿ. ಅದು 1960ರ ದಶಕದ ಉಪಕರಣ, ಇವತ್ತಿಗೂ ಎಣಿಸುತ್ತಿದೆ. ಅದರ ಟ್ಯೂಬ್ ತೆಗೆದ ಮೇಲೆ ಉಳಿಯುವುದು ಬರೀ ಭಾರದ ಡಬ್ಬಿ. ಗಡಿಯಾರಕ್ಕೆ ಬಿಡಿಯಾಗಿ ಸಿಗುವ ಐಎನ್-12 ಇದೆ. ಹೊಸದೇ ಬೇಕು ಅಂದರೆ ಝೆಕ್ ದೇಶದಲ್ಲಿ ಡಾಲಿಬೋರ್ ಫಾರ್ನಿ ಇಂದಿಗೂ ಕೈಯಿಂದ ನಿಕ್ಸಿ ತಯಾರಿಸುತ್ತಾರೆ, ದುಬಾರಿ ನಿಜ. ಸತ್ತ ಉಪಕರಣದಿಂದ ತೆಗೆಯಿರಿ, ಬದುಕಿರುವುದನ್ನು ಕೊಲ್ಲಬೇಡಿ.

ಬೆಸುಗೆ ಕಡ್ಡಿ: ಗುಜರಿಗೆ ಹೋಗಿದ್ದನ್ನು ಅವರು ಏನು ಬೇಕಾದರೂ ಮಾಡಬಹುದು ಅಲ್ವಾ? ಅವರ ದುಡ್ಡು.

ಹಳೇ ರೇಡಿಯೋ: ಇಲ್ಲಪ್ಪ, ಮೇಡಂ ಹೇಳಿದ್ದು ಸರಿ. ಇಟ್ಟುಕೊಳ್ಳುತ್ತೇನೆ.

ಧಾರವಾಡದ ಡಯೋಡ್: ಒಂದು ಟ್ಯೂಬ್ ಕಿತ್ತಳೆ ಬದಲು ನೇರಳೆ ಬಣ್ಣ ಮಂದಾಗಿ ಬರ್ತದ. ಫೆವಿಕ್ವಿಕ್ ಹಚ್ಚಿದ್ರ ಸರಿ ಆಗ್ತದಂತ ಹೇಳಿದ್ರು.

ಮೇಡಂ: ಗಾಳಿ ಒಳಗೆ ಹೋಗಿದೆ. ಆ ಟ್ಯೂಬ್ ಮುಗಿಯಿತು. ಅಂಟು ಹಚ್ಚಿದರೆ ಒಳಗಿನ ಗಾಳಿ ಹೊರಗೆ ಬರುವುದಿಲ್ಲ. ಐಎನ್-14 ಬಳಸುವವರು ತಂತಿಯನ್ನು ಗಾಜಿನ ಬುಡದಲ್ಲೇ ಬಗ್ಗಿಸಬೇಡಿ, ಅಲ್ಲೇ ಬಿರುಕು ಬಿಡುತ್ತದೆ. ಅಂಕಿಯ ಸುತ್ತ ತೆಳು ನೀಲಿ ಛಾಯೆ ಕಂಡರೆ ಅದು ಬೇರೆ ವಿಷಯ. ಬಾಳಿಕೆಗೆಂದು ಸೇರಿಸಿದ ಚೂರು ಪಾದರಸದ್ದು.

ನಿಯಾನ್ ನೋಡುಗ: ಪಾದರಸ! ಹಾಗಾದರೆ ಇದರಲ್ಲೇ ಅಲ್ವಾ ಆ ರೆಡ್ ಮರ್ಕ್ಯುರಿ ಇರೋದು? ಹಳೇ ರೇಡಿಯೋ, ಟಿವಿ ಟ್ಯೂಬಿಗೆ ಲಕ್ಷಗಟ್ಟಲೆ ಕೊಡ್ತಾರೆ ಅಂತ ಬಂದಿತ್ತು.

ಮೇಡಂ: ರೆಡ್ ಮರ್ಕ್ಯುರಿ ಅನ್ನುವ ವಸ್ತುವೇ ಇಲ್ಲ. ಅದು ಮೋಸಗಾರರು ಹಬ್ಬಿಸಿದ ಸುಳ್ಳು. ಆ ಆಸೆಗೆ ಜನ ಒಳ್ಳೆಯ ರೇಡಿಯೋಗಳನ್ನು ಒಡೆದು ಹಾಕಿದ್ದಾರೆ. ಟ್ಯೂಬ್ ಒಡೆಯಬೇಡಿ. ಅಕಸ್ಮಾತ್ ಒಡೆದರೆ ಕಿಟಕಿ ತೆಗೆಯಿರಿ, ಪೊರಕೆಯಲ್ಲಿ ಗುಡಿಸದೆ ದಪ್ಪ ಕಾಗದ, ಟೇಪಿನಿಂದ ಚೂರು ಎತ್ತಿ. ನಿಮಗೆ ಇದು ಮೂರನೇ ಸಲ ಹೇಳುತ್ತಿದ್ದೇನೆ, ಫಾರ್ವರ್ಡ್ ನಿಲ್ಲಿಸಿ.

ನಿಯಾನ್ ನೋಡುಗ: ಕೇಳಿದ್ದಕ್ಕೆ ಇಷ್ಟು ಸಿಟ್ಟಾ? ಪ್ರಶ್ನೋತ್ತರ ಅಂತ ಯಾಕೆ ಇಟ್ಟಿದ್ದೀರಿ?

ಹಾಸನದ ಹವ್ಯಾಸಿ: ಅಣ್ಣ, ಅವರು ರಜಾ ದಿನ ಕೂತು ಬರೆಯುತ್ತಿದ್ದಾರೆ. ಸ್ವಲ್ಪ ಯೋಚಿಸಿ.

ತುಮಕೂರು ಟೈಮರ್: ಐಎನ್-18 ಎಲ್ಲಿ ಕಡಿಮೆಗೆ ಸಿಗುತ್ತೆ? ಯಾರಾದರೂ ಹೇಳಿ.

ಮೈಸೂರು ಮಾಡ್ಯೂಲ್: ಮೇಡಂ, ಮಾಡ್ಯೂಲ್ ಸಿಕ್ಕಿಸಲು ಮಾಮೂಲಿ 2.54 ಮಿಲಿಮೀಟರ್ ಪಿನ್ ಸಾಲು ಸಾಕಾ? ಸಮಯಕ್ಕೆ ಡಿಎಸ್3231 ಬೋರ್ಡ್ ಹಾಕಿದ್ದೇನೆ.

ಮೇಡಂ: ಸಾಕು. ಆದರೆ 180 ವೋಲ್ಟಿನ ಪಿನ್ ಒಂದು ತುದಿಯಲ್ಲಿರಲಿ, ಅದರ ಪಕ್ಕದ ಪಿನ್ ಕಿತ್ತು ಖಾಲಿ ಬಿಡಿ. ಆ ತೂತನ್ನು ಮುಚ್ಚಿ. ಆಗ ಮಾಡ್ಯೂಲ್ ಉಲ್ಟಾ ಕೂರುವುದೇ ಇಲ್ಲ. ಉಲ್ಟಾ ಕೂತರೆ 180 ವೋಲ್ಟ್ ಸೀದಾ ಲಾಜಿಕ್ ಚಿಪ್ಪಿಗೆ ಹೋಗುತ್ತದೆ. ಉರಿಯುತ್ತಿರುವಾಗ ಮಾಡ್ಯೂಲ್ ಕೀಳಬೇಡಿ, ಸಿಕ್ಕಿಸಬೇಡಿ. ಡಿಎಸ್3231 ಒಳ್ಳೆಯದು, ವರ್ಷಕ್ಕೆ ಸುಮಾರು ಒಂದು ನಿಮಿಷದೊಳಗೇ ತಪ್ಪುತ್ತದೆ. ಆದರೆ ನೀಲಿ ಬಣ್ಣದ ಅಗ್ಗದ ಬೋರ್ಡಿನಲ್ಲಿ ಬ್ಯಾಟರಿಗೆ ಚಾರ್ಜ್ ಮಾಡುವ ದಾರಿ ಇರುತ್ತದೆ. ಸಿಆರ್2032 ಚಾರ್ಜ್ ಮಾಡುವ ಬ್ಯಾಟರಿ ಅಲ್ಲ, 5 ವೋಲ್ಟಿನಲ್ಲಿ ಉಬ್ಬುತ್ತದೆ. ಬೋರ್ಡಿನ ಮೇಲೆ ಡಯೋಡ್ ಪಕ್ಕ 201 ಅಂತ ಬರೆದ ರೆಸಿಸ್ಟರ್ ಇದೆ, ಅದನ್ನು ಕಿತ್ತುಹಾಕಿ.

ಗದಗಿನ ಗ್ಲೋ: ಎಷ್ಟು ವೋಲ್ಟ್ ಬೇಕ್ರೀ ಇದಕ್ಕ?

ಮೇಡಂ: ಮೇಲೆ ಇದೆ.

ಮೇಡಂ: ಕರಾವಳಿಯವರೇ, ನಾನು ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ. ಪ್ಲಗ್ ಕಿತ್ತಿರಾ?

ಕರಾವಳಿ ಕೆಪಾಸಿಟರ್: ಯೂಟ್ಯೂಬಿನಲ್ಲಿ ಒಬ್ಬರು ಹೀಗೇ ಮಾಡಿದ್ದಾರೆ ಮೇಡಂ, ಅವರಿಗೆ ಏನೂ ಆಗಿಲ್ಲ. ಮನೆಯಲ್ಲಿ ಆರ್‌ಸಿಸಿಬಿ (ಕರೆಂಟ್ ನೆಲಕ್ಕೆ ಸೋರಿದರೆ ತಾನೇ ಆರುವ ಸ್ವಿಚ್) ಕೂಡ ಇದೆ.

ಮೇಡಂ: ಆರ್‌ಸಿಸಿಬಿ ಕೊನೆಯ ಕಾವಲು. ಅದು ಬೀಳುವುದು ನಿಮ್ಮ ಮೈಯಲ್ಲಿ ಕರೆಂಟ್ ಹರಿದ ಮೇಲೆ. ಎರಡೂ ಕೈ ಎರಡು ತಂತಿಗೆ ತಾಗಿ ಕರೆಂಟ್ ನೆಲಕ್ಕೆ ಸೋರದಿದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದಾರಾ?

ಕರಾವಳಿ ಕೆಪಾಸಿಟರ್: ಮಗಳಿದ್ದಾಳೆ. ಅಂಕಿ ಬದಲಾಗುವುದನ್ನು ನೋಡಲು ಹತ್ತಿರ ಬರುತ್ತಾಳೆ. ಸರಿ ಮೇಡಂ, ಪ್ಲಗ್ ಕಿತ್ತೆ. ಬ್ರಿಡ್ಜ್ ಇವತ್ತೇ ತೆಗೆಯುತ್ತೇನೆ.

ಮೇಡಂ: ಒಳ್ಳೆಯದು. ಕೆಪಾಸಿಟರಿನ ಚಾರ್ಜ್ ಮೀಟರಿನಲ್ಲಿ ನೋಡಿ ಆಮೇಲೆ ಬಿಚ್ಚಿ. ಹೊಸ ಸರ್ಕ್ಯೂಟಿನ ಫೋಟೋ ಹಾಕಿ, ಕರೆಂಟ್ ಕೊಡುವ ಮೊದಲು ನಾನು ನೋಡುತ್ತೇನೆ.

ಮಲೆನಾಡ ಮಿಂಚು: ಮೇಡಂ, ಬೆಳಿಗ್ಗೆಯಿಂದ 4ನ್ನೇ ಉರಿಸುತ್ತಿದ್ದೇನೆ. ಬೇರೆ ಮಾಡ್ಯೂಲ್ ಆ ಜಾಗದಲ್ಲಿ ಸರಿಯಾಗಿದೆ, ಹಾಗಾಗಿ ಟ್ಯೂಬಿನದೇ. ಈಗ ಅಡ್ಡ ಗೆರೆ ಪೂರ್ತಿ ಬಂತು, ಕೆಳಗಿನ ತುದಿ ಒಂದಿಷ್ಟು ಬಾಕಿ. ಬುಡದ ತಂತಿ ಹೊಳೆಯುತ್ತಿಲ್ಲ.

ಮೇಡಂ: ಬಹಳ ಸಂತೋಷ. ತುದಿಯೂ ಬರಲಿ, ಅಲ್ಲಿಯವರೆಗೆ 4 ಮಿಲಿಆಂಪೇ ಇರಲಿ, ಏರಿಸಬೇಡಿ. ಆಮೇಲೆ 7 ಹಿಡಿಯಿರಿ. ಅದು ಮುಗಿದ ಮೇಲೆ 3, 6, 8 ಒಂದೊಂದಾಗಿ ಪರೀಕ್ಷಿಸಿ, ಅವುಗಳ ಮೇಲೂ ಪದರ ಕೂತಿರುತ್ತದೆ.