ಹಳೆ ಮನೆಗಳ ಬೀದಿಗೆ 22 ಮಹಡಿ ಬರುತ್ತಿದೆ: ನಿಮ್ಮಲ್ಲಿ ಏನಾಯ್ತು?

ಕೇಳಿದ್ದು: ನಮ್ಮ ಬೀದಿಯಲ್ಲಿ ನೂರು ವರ್ಷ ದಾಟಿದ ಮನೆಗಳ ಸಾಲಿದೆ. ಮೂರನ್ನು ಕೆಡವಿ 22 ಮಹಡಿ ಕಟ್ಟುತ್ತಾರಂತೆ. ಬೀದಿ ಎರಡು ಪಾಲಾಗಿದೆ, ಅಕ್ಕಪಕ್ಕದವರು ಮಾತು ಬಿಟ್ಟಿದ್ದಾರೆ. ಇಂಥದ್ದನ್ನು ಕಂಡವರು ಹೇಳಿ, ಎಲ್ಲಿಂದ ಶುರು ಮಾಡಬೇಕು?

ಉತ್ತರ 1: ಈ ಜಗಳದಲ್ಲಿ ನಾನು ಮೂರು ವರ್ಷ ಕಳೆದೆ. ನಮ್ಮ ದೊಡ್ಡ ತಪ್ಪು, “ಕೆಡವಬೇಡಿ” ಎಂದಷ್ಟೇ ಕೂಗಿದ್ದು. “ಯಾವ ಮನೆ, ಯಾಕೆ?” ಎಂದು ಅಧಿಕಾರಿ ಕೇಳಿದಾಗ ನಮ್ಮ ಬಾಯಿ ಕಟ್ಟಿತು. ಹಳೆಯದೆಲ್ಲ ಪಾರಂಪರಿಕ ಅಲ್ಲ, ಅಲ್ವಾ? ಆಮೇಲೆ ಮನೆ ಮನೆ ಸುತ್ತಿದೆವು. ಕಟ್ಟಿದ ವರ್ಷ, ಹಳೆ ಪತ್ರ, ಫೋಟೋ, ಯಾವುದು ಮೂಲದ್ದು, ಯಾವುದು ಆಮೇಲೆ ಸೇರಿಸಿದ್ದು, ಎಲ್ಲ ಬರೆದುಕೊಂಡೆವು. ನಾವು ಹೋರಾಡುತ್ತಿದ್ದ ಐದು ಮನೆಗಳ ಪೈಕಿ ಎರಡರಲ್ಲಿ ಹಳೆಯದು ಅಂತ ಉಳಿದದ್ದು ಬಾಗಿಲ ಚೌಕಟ್ಟು ಮಾತ್ರ! ಆ ಎರಡನ್ನು ಬಿಟ್ಟುಕೊಟ್ಟೆವು. ಅಲ್ಲಿಂದ ನಮ್ಮ ಮಾತಿಗೆ ತೂಕ ಬಂತು.

ಪ್ರಶ್ನೆಯನ್ನೂ ಬದಲಿಸಿದೆವು. ಬೇಕಾ ಬೇಡವಾ ಬಿಟ್ಟು, ಎಷ್ಟು ಎತ್ತರ, ಬೀದಿಯಿಂದ ಎಷ್ಟು ಹಿಂದೆ, ನೆರಳು ಯಾರ ಅಂಗಳಕ್ಕೆ ಎಂದು ಕೇಳಿದೆವು. ನೆರಳಿನ ನಕ್ಷೆ ಕೇಳುವಾಗ ಚಳಿಗಾಲದ್ದನ್ನೇ ಕೇಳಿ. ಬೇಸಿಗೆ ಮಧ್ಯಾಹ್ನದ್ದು ತೋರಿಸಿದರೆ ಎಂಥ ಗೋಪುರವೂ ಸಾಧು ಪ್ರಾಣಿ. ಕೊನೆಗೆ ಬೀದಿ ಕಡೆ ಮೂರೇ ಮಹಡಿ, ಎತ್ತರದ ಭಾಗ ಹಿಂದಕ್ಕೆ ಎಂದು ಒಪ್ಪಿದರು. ನನಗೆ ಈಗಲೂ ಆ ಕಟ್ಟಡ ಇಷ್ಟವಿಲ್ಲ, ಆದರೆ ಬೀದಿಗೆ ಬಿಸಿಲು ಬೀಳುತ್ತದೆ.

ಉತ್ತರ 2: ಹಳೆ ಮನೆಯೊಂದರ ಮಾಲೀಕ ನಾನು. ಸೋರುವ ಮಾಡು, ಗೆದ್ದಲು ತಿಂದ ತೊಲೆ ನನ್ನ ಪಾಲು. ಮುಂದೆ ನಿಂತು ಫೋಟೋ ತೆಗೆಯುವವರು ರಿಪೇರಿಗೆ ಬರುವುದಿಲ್ಲ. ಹಾಗಾಗಿ ಉಳಿಸಿದವರಿಗೆ ಏನು ಸಿಗುತ್ತದೆ ಎಂಬುದೂ ಸಭೆಯಲ್ಲಿ ಬರಲಿ. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ಮೇಲೆ 50ಕ್ಕೂ ಹೆಚ್ಚು ಮಹಡಿ ಏರಿಸಲು ರೈಲು ಕಂಪನಿ ಹೊರಟಿತ್ತು. ನಗರ ಬಿಡಲಿಲ್ಲ. 1978ರಲ್ಲಿ ಸುಪ್ರೀಂ ಕೋರ್ಟ್ ಕೂಡ ನಗರದ ಪರ ನಿಂತಿತು. ಅಲ್ಲಿ ಬಳಸದೆ ಉಳಿದ ಕಟ್ಟುವ ಹಕ್ಕನ್ನು ಹತ್ತಿರದ ಬೇರೆ ಜಾಗಕ್ಕೆ ವರ್ಗಾಯಿಸಬಹುದಿತ್ತು ಎಂಬುದನ್ನೂ ಕೋರ್ಟ್ ಲೆಕ್ಕಕ್ಕೆ ತೆಗೆದುಕೊಂಡಿತು. ನಿಮ್ಮಲ್ಲಿ ಅಂಥ ನಿಯಮ ಇದೆಯಾ, ಮೊದಲು ನೋಡಿ.

ಉತ್ತರ 3: ನಾನು ಕಟ್ಟಡದ ಪರ. ಸಭೆಗೆ ಬರುವವರೆಲ್ಲ ಈಗಾಗಲೇ ಮನೆ ಇರುವವರು. ಆ 22 ಮಹಡಿಯಲ್ಲಿ ವಾಸಿಸಬೇಕಾದವರು ಇನ್ನೂ ಬಂದೇ ಇಲ್ಲ. ಅವರ ಪರ ಕೈ ಎತ್ತುವವರು ಯಾರು?

ಉತ್ತರ 1 (ಮತ್ತೆ): ನಿಜ. ಆದರೆ ಕೆಟ್ಟದಾಗಿ ಕಟ್ಟಿದರೆ ಮುಂದಿನವರಿಗೂ ಬಾಗಿಲು ಮುಚ್ಚುತ್ತದೆ. ಪ್ಯಾರಿಸ್ಸಿನಲ್ಲಿ 1973ರಲ್ಲಿ 210 ಮೀಟರಿನ ಮೋಂಪಾರ್ನಾಸ್ ಗೋಪುರ ಎದ್ದಿತು. ಜನ ಎಷ್ಟು ರೇಗಿದರೆಂದರೆ 1977ರಲ್ಲಿ ಊರೊಳಗೆ 37 ಮೀಟರಿನ ಮಿತಿ ಬಂತು.

ಉತ್ತರ 4: “ಮುಂಭಾಗ ಉಳಿಸುತ್ತೇವೆ” ಅಂದರೆ ಹುಷಾರು. ನಮ್ಮಲ್ಲಿ ಉಳಿದದ್ದು ಒಂದು ಗೋಡೆ. ಕಿಟಕಿಯಲ್ಲಿ ಇಣುಕಿದರೆ ಕಾರುಗಳು ಕಾಣುತ್ತವೆ. ಏನೇನು ಉಳಿಯುತ್ತದೆ ಎಂದು ನಕ್ಷೆಯ ಮೇಲೆ ಗುರುತು ಹಾಕಿಸಿಕೊಳ್ಳಿ.

ಉತ್ತರ 5: ಯಾರೇ ಗೆಲ್ಲಲಿ, ಪಾಯ ತೋಡುವ ಮುಂಚೆ ನಿಮ್ಮ ಗೋಡೆಗಳ ಫೋಟೋ ತೆಗೆದಿಡಿ, ತಾರೀಖಿನ ಸಮೇತ. ಇರುವ ಬಿರುಕಿನ ಮೇಲೆ ಅಡ್ಡಕ್ಕೆ ತೆಳು ಗಾಜಿನ ಪಟ್ಟಿ ಅಂಟಿಸಿ. ಗೋಡೆ ಸರಿದರೆ ಗಾಜು ಒಡೆಯುತ್ತದೆ. ನಾವು ಸುಮ್ನೆ ಕೂತೆವು. ಬಿರುಕು ಮೊದಲೇ ಇತ್ತು ಅಂದರು, ಇಲ್ಲ ಅನ್ನಲು ನಮ್ಮಲ್ಲಿ ಏನೂ ಇರಲಿಲ್ಲ.